ಅತ್ತೆಯ ಅಡಿಗೆಮನೆಯಲ್ಲಿ ಮುರಿದ ಹಿಡಿಕೆಗಳು

ನಮ್ಮ ಅತ್ತೆಗೆ ಗ್ಯಾಸ್ ಒಲೆ ಹೊತ್ತಿಸಲು ಯಾವ ಭಯವೂ ಇರಲಿಲ್ಲ. ಆರಿಸಲು ಭಯ. ಉಳಿದವರಿಗೆಲ್ಲ ಬೆಂಕಿಕಡ್ಡಿ ಗೀರುವಾಗ ಕೈ ಹಿಂದೆ ಬರುತ್ತದೆ. ಇವರು ಧೈರ್ಯವಾಗಿ ಹೊತ್ತಿಸಿ, ಬಂಗಡೆ ಸಾರು ಕುದಿಸಿ, ಒಲೆ ಬಂದ್ ಮಾಡುವ ಹೊತ್ತು ಬಂದಾಗ ಮನೆಯಲ್ಲಿ ಯಾರಿದ್ದಾರೆಂದು ಹುಡುಕುತ್ತಿದ್ದರು. ನಾನು ಆ ಮನೆಗೆ ಸೊಸೆಯಾಗಿ ಬರುವ ಮುಂಚೆ ಒಂದು ಮಧ್ಯಾಹ್ನ, ಉರಿಯುತ್ತಿದ್ದ ಒಲೆಯ ಕಿವಿ ತಿರುಪಲು ಹೋದರೆ ಅದು ಪೂರ್ತಿ ಕಿತ್ತು ಅಂಗೈಗೆ ಬಂದಿತ್ತಂತೆ. ನಮ್ಮ ಕಡೆ ರೇಡಿಯೋಗೂ ಕಿವಿ, ಒಲೆಗೂ ಕಿವಿ. ಕಿವಿ ಕೈಯಲ್ಲಿ, ಉರಿ ಒಲೆಯಲ್ಲಿ. ಅತ್ತೆ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಹೊರಗೆ ಓಡಿ, ಪಕ್ಕದ ಮನೆಯವರು ಬಂದು ಸಿಲಿಂಡರಿನ ಹತ್ತಿರವೇ ಬಂದ್ ಮಾಡುವವರೆಗೆ ಅಂಗಳದ ತುದಿಯಲ್ಲಿ ನಿಂತಿದ್ದರಂತೆ. ಅಷ್ಟರಲ್ಲಿ ಸಾರು ಸೀದು ಕರಿ ಆಗಿತ್ತು. ಈ ಕಥೆ ಹೇಳುವಾಗಲೆಲ್ಲ ಅವರು ಸಾರಿನ ಭಾಗಕ್ಕೆ ಬಂದಾಗ ಮಾತ್ರ ಬೇಸರಪಡುತ್ತಿದ್ದರು.

ಎರಡು ಸಾವಿರದ ದಶಕದ ಮೊದಲ ವರ್ಷಗಳು ಅವು. ಮನೆ ಅಂಕೋಲಾ ಹತ್ತಿರದ ಹಟ್ಟಿಕೇರಿಯಲ್ಲಿ, ನನ್ನ ಕೆಲಸ ಕಾರವಾರದಲ್ಲಿ. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ ಹೆಣ್ಣು ಎಂದರೆ ಆಗ ಅಂಕೋಲಾದ ಕಡೆ ಜನ ಒಂದು ಕ್ಷಣ ಸುಮ್ಮನಾಗಿ, ಆಮೇಲೆ ತಮ್ಮ ಮನೆಯ ಮಿಕ್ಸರ್ ಕೆಟ್ಟಿದ್ದನ್ನು ಹೇಳುತ್ತಿದ್ದರು. ಕಾರವಾರದ ಹೊರಗೆ ಒಂದು ಶೆಡ್ಡಿನಲ್ಲಿ ಪ್ಲಾಸ್ಟಿಕ್ ಬಕೆಟ್, ಮೀನು ತುಂಬುವ ಕ್ರೇಟು ಅಚ್ಚು ಹಾಕುವ ಸಣ್ಣ ಕಾರ್ಖಾನೆಯಲ್ಲಿ ನಾನು ಡಿಸೈನ್ ವಿಭಾಗ. ಒಂದು ಕಡೆ ನೀರಿನ ಡ್ರಮ್ಮು, ಇನ್ನೊಂದು ಕಡೆ ಹಾಳಾದ ಬಕೆಟ್ ಪುಡಿ ಮಾಡುವ ಯಂತ್ರ, ನಡುವೆ ನನ್ನ ಮೇಜು ಮತ್ತು ಒಂದು ಕಂಪ್ಯೂಟರ್. ಆ ಯಂತ್ರ ಶುರುವಾದರೆ ಕಂಪ್ಯೂಟರಿನ ಪರದೆ ನಡುಗಿ ನಾನು ಎಳೆದ ನೇರ ಗೆರೆಗಳೆಲ್ಲ ಅಲೆಗಳಾಗುತ್ತಿದ್ದವು. ಆ ಮೇಜು ನನಗೆ ಎಷ್ಟು ಇಷ್ಟವಾಗಿತ್ತೆಂದರೆ ಭಾನುವಾರ ಬಂದರೆ ಸಿಟ್ಟು ಬರುತ್ತಿತ್ತು. ನಾನು ಎಳೆದ ಗೆರೆ ಸಂಜೆಯ ಹೊತ್ತಿಗೆ ಕೈಯಲ್ಲಿ ಹಿಡಿಯುವ ವಸ್ತುವಾಗಿ ಬಿಸಿಬಿಸಿಯಾಗಿ ಅಚ್ಚಿನಿಂದ ಬೀಳುವುದನ್ನು ನೋಡಿದವರಿಗೆ ಮಾತ್ರ ಇದು ಅರ್ಥವಾಗುತ್ತದೆ.

ಕೆಲಸಕ್ಕೆ ಸೇರುವಾಗ ಮನೆಯಲ್ಲಿ ಎದ್ದ ಪ್ರಶ್ನೆ ಒಂದೇ, ಮಧ್ಯಾಹ್ನದ ಅಡಿಗೆ ಯಾರು ಮಾಡುವುದು. ಕಟ್ಟಿಗೆ ಒಲೆಯ ಹೊಗೆ ಅತ್ತೆಯ ಎದೆಗೆ ಆಗುವುದಿಲ್ಲವೆಂದು ಡಾಕ್ಟರು ಹೇಳಿಯಾಗಿತ್ತು. ಮಾವ ಮಾವಿನಕಾಯಿ, ಗೇರುಬೀಜದ ವ್ಯಾಪಾರದಲ್ಲಿ ಅಂಕೋಲಾ ಪೇಟೆ ಸುತ್ತಿ ಮಧ್ಯಾಹ್ನ ಊಟಕ್ಕೆ ಮನೆಗೆ ಬರುವವರು.

"ಬಿಸಿ ಅನ್ನ ಸಿಕ್ರೆ ನಂದೇನ್ ತಕರಾರಿಲ್ಲ" ಎಂದರು ಮಾವ. ತಕರಾರಿಲ್ಲ ಎಂದು ಹೇಳುವವರ ತಕರಾರು ಎಲ್ಲಿರುತ್ತದೆಂದು ಸೊಸೆಯಂದಿರಿಗೆ ಗೊತ್ತಿರುತ್ತದೆ.

"ನೀ ಹೋಗು ತಂಗಿ, ಮಧ್ಯಾಹ್ನದ್ದು ನಾ ಮಾಡ್ತೆ. ಬಂದ್ ಮಾಡೂಕೂ ಕಲ್ತ್ಕಂತೆ" ಎಂದರು ಅತ್ತೆ. ಬಸ್ ಡಿಪೋದಲ್ಲಿ ಕೆಲಸ ಮಾಡುತ್ತಿದ್ದ ನನ್ನ ಗಂಡ ಎಂದಿನಂತೆ ಎಲ್ಲರ ಮಾತಿಗೂ ತಲೆಯಾಡಿಸಿದರು.

ಸ್ವಲ್ಪ ದಿನಕ್ಕೆ ಕಾರ್ಖಾನೆಗೆ ಒಂದು ದೊಡ್ಡ ಆಸೆ ಹುಟ್ಟಿತು. ಘಟ್ಟದ ಮೇಲಿನ ಒಂದು ಕಂಪನಿ ಗ್ಯಾಸ್ ವಾಲ್ವ್ ಮಾಡುತ್ತಿತ್ತು. ಸಿಲಿಂಡರಿಗೂ ಒಲೆಗೂ ನಡುವೆ ಗೋಡೆಯ ಮೇಲೆ ಕೂರಿಸುವ ಸಣ್ಣ ಹಿತ್ತಾಳೆಯ ವಸ್ತು. ಅದರ ಹಿಡಿಕೆ ಪೈಪಿನ ಉದ್ದಕ್ಕೆ ಇದ್ದರೆ ಗ್ಯಾಸ್ ಹೋಗುತ್ತದೆ, ಅಡ್ಡಕ್ಕೆ ತಿರುಗಿಸಿದರೆ ನಿಲ್ಲುತ್ತದೆ. ಹಿತ್ತಾಳೆ ಅವರದು, ಪ್ಲಾಸ್ಟಿಕ್ ಹಿಡಿಕೆ ನಾವು ಅಚ್ಚು ಹಾಕಿಕೊಡಬೇಕು. ಬಾಳಿಕೆ ಬರುವ ಹಿಡಿಕೆ ಬೇಕೆಂದು ಕೇಳಿದ್ದರು. ಬಾಳಿಕೆ ಎಂದರೆ ಎಷ್ಟು ಎಂದು ನಾನು ಮಾಲೀಕರನ್ನು ಕೇಳಿದೆ. ಅವರು ಆ ಕಂಪನಿಗೆ ಫೋನ್ ಮಾಡಿ, ತುಂಬ ಹೊತ್ತು ಹಾಂ ಹೂಂ ಎಂದು, ಫೋನಿಟ್ಟು ಹೇಳಿದರು: "ಗಿರಾಕಿ ಮುರಿಯೂವರೆಗೆ ಮುರೀಬಾರ್ದಂತೆ."

ಮಾಲೀಕರು ಸಿಟ್ಟಿಲ್ಲದಾಗ ನನ್ನನ್ನು ಕಾರವಾರದ ಕಡೆ ಹೆಂಗಸರನ್ನು ಕರೆಯುವಂತೆ ಬಾಯಿ ಎಂದೂ, ಸಿಟ್ಟು ಬಂದಾಗ ಮೇಡಂ ಎಂದೂ ಕರೆಯುತ್ತಿದ್ದರು. ಆ ದಿನ ಬಾಯಿ ಎಂದೇ ಕರೆದು, ಮೆತ್ತಗೆ ಹೇಳಿದರು: "ಬಾಯಿ, ಈ ಆರ್ಡರ್ ಬಂದ್ರೆ ನೀವು ಇಲ್ಲೇ. ಬರ್ದಿದ್ರೆ ನಾ ಮತ್ತೆ ಬರೀ ಬಕೆಟ್ ಮಾಡೂದು. ಬಕೆಟ್‌ಗೆ ಡ್ರಾಯಿಂಗ್ ಎಂತಕೆ? ಬಕೆಟ್ ಹೆಂಗಿರ್ತದೆ ಅಂತ ಎಲ್ಲರಿಗೂ ಗೊತ್ತದೆ." ಆ ಮೇಜು ಹೋದರೆ ಈ ಜಿಲ್ಲೆಯಲ್ಲಿ ನನಗೆ ಇನ್ನೊಂದು ಅಂಥ ಮೇಜು ಇರಲಿಲ್ಲ.

ಮೊದಲ ಹಿಡಿಕೆ ಚೆಂದಕ್ಕಿತ್ತು. ಕೆಂಪು ಬಣ್ಣ, ಸಣ್ಣ ಕುತ್ತಿಗೆ, ಬೆರಳಿಗೆ ಕೂರುವ ತಗ್ಗು. ಹಳೆಯ ಬಸ್ಸೊಂದರ ವೈಪರ್ ಮೋಟಾರಿಗೆ ಅದನ್ನು ಕಟ್ಟಿ ಅತ್ತ ಇತ್ತ ತಿರುಗಲು ಬಿಟ್ಟೆವು. ವಾರಗಟ್ಟಲೆ ತಿರುಗಿತು, ಮೋಟಾರು ಸುಟ್ಟಿತೇ ಹೊರತು ಹಿಡಿಕೆಗೆ ಏನೂ ಆಗಲಿಲ್ಲ. ಆಮೇಲೆ ಕೆಲಸದವರ ಮನೆಗಳಿಗೆ ಒಂದೊಂದು ವಾಲ್ವ್ ಹಾಕಿಸಿದೆವು. ನಮ್ಮ ಮನೆಗೂ ಒಂದು. ಅಡಿಗೆಮನೆಯ ಕಿಟಕಿಯ ಪಕ್ಕ ಗೋಡೆಗೆ ಕೂರಿಸಿ ಅತ್ತೆಗೆ ತೋರಿಸಿದೆ. ಒಲೆಯ ಕಿವಿ ಕಿತ್ತು ಬಂದರೂ ಚಿಂತೆಯಿಲ್ಲ, ಇದನ್ನು ಅಡ್ಡ ತಿರುಗಿಸಿದರೆ ಉರಿ ಆರಿತು ಎಂದೆ. ಅತ್ತೆ ಅದನ್ನು ದೂರದಿಂದ, ಹೊಸ ನಾಯಿಯನ್ನು ನೋಡುವಂತೆ ನೋಡಿದರು.

ವಾರದೊಳಗೆ ಮುರಿಯಿತು. ನಾನು ಸಂಜೆ ಬಸ್ಸಿಳಿದು ಬಂದರೆ ಅತ್ತೆ ಬಾಳೆಲೆಯ ತುಂಡಿನಲ್ಲಿ ಅದನ್ನು ಸುತ್ತಿಟ್ಟಿದ್ದರು.

"ಮೆತ್ತಗೇ ತಿರುಪ್ದೆ ತಂಗಿ. ಹಾಂಗೇ ಬಂತು."

ಕಾರವಾರದ ಮನೆಗಳಲ್ಲಿ ಒಂದೂ ಮುರಿದಿರಲಿಲ್ಲ. ನಾನು ಹೊಸತು ಹಾಕಿದೆ. ಅದೂ ಮುರಿಯಿತು. ಮೊದಲ ಹಿಡಿಕೆಯ ಬೇಕಲೈಟ್ ಎಂಬ ಗಡುಸು ಪ್ಲಾಸ್ಟಿಕ್ ಬಿಟ್ಟು ನೈಲಾನಿಗೆ ಹೋದೆವು. ಗಾಜಿನ ನಾರು ಬೆರೆಸಿದ ನೈಲಾನ್ ತರಿಸಿದೆವು. ಅತ್ತೆ ಪ್ರತಿ ಸಲ ಬಾಳೆಲೆಯಲ್ಲಿ ಸುತ್ತಿಟ್ಟು, ಮೆತ್ತಗೇ ತಿರುಪ್ದೆ ಎನ್ನುತ್ತಿದ್ದರು. ಮುರಿದ ತುಂಡುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರೆ ಮಾಲೀಕರು ಬಂದು ಸೊಂಟಕ್ಕೆ ಕೈ ಇಟ್ಟು ನಿಲ್ಲುತ್ತಿದ್ದರು.

"ಮೇಡಂ, ನಿಮ್ಮ ಮನೇಲಿ ಅಡಿಗೆ ಮಾಡ್ತ್ರೋ, ಕುಸ್ತಿ ಆಡ್ತ್ರೋ?"

ಉತ್ತರ ಗೊತ್ತಿಲ್ಲದಾಗ ಮನುಷ್ಯರು ಎಂತೆಂಥದ್ದನ್ನೋ ಮಾಡುತ್ತಾರೆ. ಹಟ್ಟಿಕೇರಿಯ ಹಿನ್ನೀರಿನ ಉಪ್ಪು ಗಾಳಿಯೇ ಕಾರಣವಿರಬೇಕೆಂದು ನಾನು ಹಿಡಿಕೆಗಳನ್ನು ಉಪ್ಪು ನೀರಿನಲ್ಲಿ ನೆನೆಸಿದೆ. ತೆಂಗಿನೆಣ್ಣೆ ಹಚ್ಚಿ ಬಿಸಿಲಿಗಿಟ್ಟೆ. ಗಂಜಿಯಲ್ಲಿ ಬೇಯಿಸಿದೆ. ಮಾಲೀಕರು ತಮ್ಮದೂ ಒಂದು ಸಂಶೋಧನೆ ಇರಲೆಂದು ಮನೆಯಿಂದ ಉಪ್ಪಿನಲ್ಲಿ ಹಾಕಿದ ಮಾವಿನಕಾಯಿಯ ಭರಣಿ ತಂದು ಅದರೊಳಗೊಂದು ಹಿಡಿಕೆ ಮುಳುಗಿಸಿ ಮುಚ್ಚಳ ಹಾಕಿದರು. ತಿಂಗಳಾದ ಮೇಲೆ ತೆಗೆದರೆ ಹಿಡಿಕೆ ಹೊಚ್ಚ ಹೊಸದರಂತಿತ್ತು. ಮಾವಿನಕಾಯಿ ನಾವೆಲ್ಲ ಊಟಕ್ಕೆ ಹಂಚಿಕೊಂಡೆವು. ಆಗ ಯಾರಿಗೂ ಇದು ವಿಚಿತ್ರವೆನಿಸಲಿಲ್ಲ.

ಕೊನೆಗೆ ನಾನು ಮುರಿದ ತುದಿಗಳನ್ನು ಭೂತಗನ್ನಡಿಯಲ್ಲಿ ಸರಿಯಾಗಿ ನೋಡಿದೆ. ಎಲ್ಲವೂ ಕುತ್ತಿಗೆಯಲ್ಲಿ, ಒಂದೇ ಬದಿಗೆ ಮುರಿದಿದ್ದವು. ತಿರುಗಿಸಿ ಮುರಿದದ್ದಲ್ಲ. ಯಾರೋ ಅದನ್ನು ಬದಿಗೆ, ಕಿಟಕಿಯ ಕಡೆಗೆ ಎಳೆದಿದ್ದರು. ಮನೆಯಲ್ಲಿ ಹಗಲು ಇರುವವರು ಒಬ್ಬರೇ. ನನಗೆ ಆಗೆಲ್ಲ ಮೂಗಿನ ತುದಿಯಲ್ಲೇ ಸಿಟ್ಟು. ಸೊಸೆ ಮನೆಯಲ್ಲಿ ಕೂರಲಿ ಎಂದು ಅತ್ತೆಯೇ ಬೇಕೆಂದು ಮುರಿಯುತ್ತಿದ್ದಾರೆ ಎಂದು ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಬಾಯಲ್ಲಿ ತಂಗಿ, ಒಳಗೆ ಈ ಕೆಲಸ. ದಾರಿಯ ಅವರ್ಸಾ ದಾಟುವಷ್ಟರಲ್ಲಿ ನನ್ನ ಭಾಷಣ ತಯಾರಾಗಿತ್ತು, ಹಟ್ಟಿಕೇರಿ ಬರುವಷ್ಟರಲ್ಲಿ ಅದಕ್ಕೆ ಅತ್ತೆ ಕೊಡಬಹುದಾದ ಉತ್ತರವನ್ನೂ ನಾನೇ ಕೊಟ್ಟು ಗೆದ್ದಾಗಿತ್ತು. ಮನೆಗೆ ಹೋಗಿ ಹೇಳಲು ಸಾಧ್ಯವಾದದ್ದು ಇಷ್ಟೇ: "ಅತ್ತೆ, ಇದು ಹಿಂಗೇ ಮುರೀತಾ ಇದ್ರೆ ನನ್ನ ಕೆಲ್ಸ ಹೋಗ್ತದೆ. ಆರ್ಡರ್ ಬರೂದಿಲ್ಲ, ನನ್ನ ಮನೆಗೆ ಕಳಸ್ತ್ರು."

ಅತ್ತೆ ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಬಿಡಿಸುತ್ತಲೇ ಹೋದರು. ಅವತ್ತು ಬಿಡಿಸಿದ ಬೆಳ್ಳುಳ್ಳಿ ನಾಲ್ಕು ದಿನಕ್ಕೆ ಸಾಕಾಯಿತು.

ಅದಾದ ಸ್ವಲ್ಪ ದಿನಕ್ಕೆ ಕಾರವಾರದಲ್ಲಿ ಬೆಳಿಗ್ಗೆಯೇ ಕರೆಂಟು ಹೋಯಿತು. ಸಂಜೆವರೆಗೆ ಬರುವುದಿಲ್ಲವೆಂದು ಗೊತ್ತಾಗಿ ಮಾಲೀಕರು ಎಲ್ಲರನ್ನೂ ಕಳಿಸಿದರು. ನಾನು ಮಧ್ಯಾಹ್ನಕ್ಕೆ ಮುಂಚೆ ಮನೆ ಮುಟ್ಟಿದೆ. ಮುಂಬಾಗಿಲು ಒಳಗಿಂದ ಹಾಕಿತ್ತು. ಹಿತ್ತಲಿಗೆ ಸುತ್ತಿ ಬಂದೆ.

ಅತ್ತೆ ಹಿತ್ತಲಿನಲ್ಲಿ, ಹಲಸಿನ ಮರದ ಕೆಳಗೆ, ಮನೆಗೆ ಬೆನ್ನು ಹಾಕಿ ನಿಂತಿದ್ದರು. ಕಣ್ಣು ಗಟ್ಟಿಯಾಗಿ ಮುಚ್ಚಿದ್ದರು. ಅವರ ಕಂಕುಳಲ್ಲಿ ದೋಟಿ, ಮರದಿಂದ ಮಾವಿನಕಾಯಿ ಕೀಳುವ ಮಾವನ ಆ ಉದ್ದನೆಯ ಬಿದಿರಿನ ಗಳ. ಅದರ ಕೊಕ್ಕೆಯ ತುದಿ ಹಿಂದಕ್ಕೆ ಚಾಚಿ ಕಿಟಕಿಯ ಸರಳುಗಳ ನಡುವಿನಿಂದ ಅಡಿಗೆಮನೆಯೊಳಗೆ ಹೋಗಿತ್ತು. ಒಳಗೆ ಅನ್ನ ಕುದಿಯುವ ಸದ್ದು ಕೇಳುತ್ತಿತ್ತು. ಅತ್ತೆ ತುಟಿಯೊಳಗೆ ದೇವರ ಹೆಸರು ಹೇಳುತ್ತ ಗಳವನ್ನು ಬಲಕ್ಕೆ, ಎಡಕ್ಕೆ ಆಡಿಸಿ ಕೊಕ್ಕೆಗೆ ಏನೋ ಸಿಕ್ಕಿದ ಮೇಲೆ ಜಗ್ಗಿದರು.

"ಆರಿತಾ?" ಎಂದು ಯಾರನ್ನೂ ನೋಡದೆ ಕೇಳಿದರು.

ನಾನು ಕಿಟಕಿಯಿಂದ ಇಣುಕಿ, "ಆರಿತು" ಎಂದೆ.

"ಹಾಂ" ಎಂದು ನಿಟ್ಟುಸಿರು ಬಿಟ್ಟು ಗಳ ಎಳೆದುಕೊಂಡರು. ದಿನಾ ಉತ್ತರ ಕೊಡದ ಹಿತ್ತಲು ಇವತ್ತು ಮಾತಾಡಿತಲ್ಲ ಎಂದು ಅವರಿಗೆ ಹೊಳೆದದ್ದು ಆಮೇಲೆ. ಕಣ್ಣು ಬಿಟ್ಟು ನನ್ನನ್ನು ನೋಡಿ, ಇಷ್ಟು ದೊಡ್ಡ ಗಳವನ್ನು ಸೆರಗಿನ ಹಿಂದೆ ಮುಚ್ಚಿಡಲು ನೋಡಿದರು.

ಇಬ್ಬರೂ ಬಾವಿಕಟ್ಟೆಯ ಮೇಲೆ ಕುಳಿತೆವು. ಎಲ್ಲ ಹೇಳಿದರು. ಉರಿ ಇಲ್ಲದ ಒಲೆಗೆ ಅವರು ಹೆದರುತ್ತಿರಲಿಲ್ಲ. ವಾಲ್ವ್ ತೆಗೆಯುವುದು, ಒಲೆ ಹೊತ್ತಿಸುವುದು ಎಲ್ಲ ಕೈಯಿಂದಲೇ. ಉರಿಯುವಾಗ ಮಾತ್ರ, ಹಿಡಿಕೆ ಕೈಗೆ ಬಂದರೆ ಎಂಬ ಹೆದರಿಕೆಗೆ ಕೈ ಮುಂದೆ ಹೋಗುತ್ತಿರಲಿಲ್ಲ. ಹೊರಗೆ ಬಂದು ದೋಟಿಯಿಂದ ಜಗ್ಗಿ ಉರಿ ಆರಿಸಿ, ಒಳಗೆ ಹೋಗಿ ಒಲೆಯ ಕಿವಿಯನ್ನೂ ಬಂದ್ ಮಾಡಿ, ಅನ್ನ ಬಸಿದು, ಮಾವ ಬರುವ ಮೊದಲು ದೋಟಿಯನ್ನು ಮರಕ್ಕೆ ಒರಗಿಸಿಡುತ್ತಿದ್ದರು. ಜಗ್ಗಿದ ಹೊಡೆತಕ್ಕೆ ಹಿಡಿಕೆ ಮುರಿದದ್ದೂ ಉರಿ ಆರಿದ ಮೇಲೆಯೇ ಅಂತೆ. ದೋಟಿ ಅಡಿಗೆಮನೆಯ ಕಡೆ ಯಾಕೆ ಬರುತ್ತದೆ ಎಂದು ಮಾವ ಒಂದು ಸಲ ಕೇಳಿದ್ದಕ್ಕೆ ಮಂಗ ಓಡಿಸೂಕೆ ಎಂದಿದ್ದರಂತೆ.

"ಎಂತಕೆ ನಂಗೆ ಹೇಳಲಿಲ್ಲ ಅತ್ತೆ?"

"ಹೇಳಿದ್ರೆ ನೀ ಮನೇಲೇ ಕೂರ್ತಿದ್ದೆ."

ಬಸ್ಸಿನಲ್ಲಿ ನಾನು ಗೆದ್ದ ವಾದವೆಲ್ಲ ಅಲ್ಲೇ ಬಿದ್ದುಹೋಯಿತು. ನನಗೆ ನಾಚಿಕೆಯೂ ಆಯಿತು, ನಗುವೂ ಬಂತು. ಅತ್ತೆಯೂ ನಕ್ಕರು, ಆದರೆ ಅವರ ನಗು ಅರ್ಧಕ್ಕೇ ನಿಂತಿತು.

ಮಾಲೀಕರಿಗೆ ಹೇಳಲು ಹೆದರಿಕೊಂಡೇ ಹೋದೆ. ಅವರು ಕೇಳಿ, ಎದ್ದು ಶೆಡ್ಡಿನಲ್ಲಿ ಒಂದು ಸುತ್ತು ಹಾಕಿದರು. "ಬಾಯಿ, ಇಡೀ ದೇಶದಲ್ಲಿ ಯಾರ ಹಿಡಿಕೆಗೂ ಇಂಥಾ ಪರೀಕ್ಷೆ ಆಗ್ಲಿಲ್ಲ. ದೋಟಿಗೆ ಮುರೀದೇ ಇದ್ದದ್ದು ಮತ್ತೆ ಯಾವ್ದಕ್ಕೂ ಮುರಿಯೂದಿಲ್ಲ." ಆವತ್ತಿನಿಂದ ನಮ್ಮ ಗುರಿ ದೋಟಿ. ಕುತ್ತಿಗೆ ದಪ್ಪ ಮಾಡಿದೆ. ಒಳಗೆ ಹಿತ್ತಾಳೆಯ ಪಟ್ಟಿ ಇಟ್ಟು ಅದರ ಸುತ್ತ ನೈಲಾನ್ ಅಚ್ಚು ಹಾಕಿಸಿದೆ. ಕೊಕ್ಕೆ ಜಾರದ ಹಾಗೆ ತುದಿಗೊಂದು ತೂತು ಇಟ್ಟೆ. ಡ್ರಾಯಿಂಗಿನಲ್ಲಿ ಆ ತೂತಿಗೆ ಕಾರಣ ಬರೆಯಬೇಕಲ್ಲ, ತೂಕ ಕಡಿಮೆ ಮಾಡಲು ಎಂದು ಬರೆದೆ. ಅತ್ತೆ ದಿನಾ ಹಿತ್ತಲಿನಿಂದ ಜಗ್ಗಿದರು. ಇಶಾಡಿ ಮಾವಿನ ಸೀಸನ್ ಬಂತು, ಹೋಯಿತು, ಹಿಡಿಕೆ ಅಲುಗಲಿಲ್ಲ.

ಕಂಪನಿಗೆ ಕಳಿಸಿದ ವರದಿಯಲ್ಲಿ ದೋಟಿಯನ್ನು ದೋಟಿ ಎಂದು ಬರೆಯಲು ಮಾಲೀಕರ ಮನಸ್ಸು ಒಪ್ಪಲಿಲ್ಲ. ದೂರದಿಂದ ಬದಿಗೆ ಎಳೆಯುವ ಉಪಕರಣದಿಂದ ಪರೀಕ್ಷಿಸಲಾಗಿದೆ ಎಂದು ಬರೆದರು. ಕಂಪನಿಯವರಿಗೆ ತಮ್ಮಲ್ಲೇ ಇಲ್ಲದ ಉಪಕರಣ ಕಾರವಾರದಲ್ಲಿ ಇದೆಯೆಂದು ಗೊತ್ತಾಗಿ, ಅದನ್ನು ನೋಡಿಯೇ ಆರ್ಡರ್ ಕೊಡುತ್ತೇವೆಂದು ಒಬ್ಬ ಇಂಜಿನಿಯರನ್ನು ಕಳಿಸಿದರು.

ಅವರು ಬರುವ ಹಿಂದಿನ ದಿನ ಮಾಲೀಕರು ನಮ್ಮ ಮನೆಗೆ ಬಂದು ದೋಟಿಗೆ ಹಳದಿ ಕಪ್ಪು ಪಟ್ಟೆ ಬಳಿದರು. ಬುಡಕ್ಕೆ ನಂಬರು ಬರೆದ ತಗಡಿನ ಚೀಟಿ ಕಟ್ಟಿದರು. ಮಾವ ಪಡಸಾಲೆಯಲ್ಲಿ ಕುಳಿತು ತಮ್ಮ ಗಳ ರಸ್ತೆ ಕಂಬದಂತಾಗುವುದನ್ನು ನೋಡುತ್ತಿದ್ದರು. ಅವರಿಗೆ ಅಷ್ಟರಲ್ಲಿ ಎಲ್ಲ ಗೊತ್ತಾಗಿತ್ತು. "ಇನ್ ಇದ್ರಲ್ಲಿ ಮಾವಿನಕಾಯಿ ಕೊಯ್ದ್ರೆ ಮಾವಿನಕಾಯಿಗೂ ಸರ್ಟಿಫಿಕೇಟ್ ಕೊಡ್ತ್ರಾ?" ಎಂದು ಮಾತ್ರ ಕೇಳಿದರು.

ಇಂಜಿನಿಯರು ಬೆಳಗಾವಿ ಕಡೆಯ ಮಾತಿನವರು, ಗಂಭೀರ ಮನುಷ್ಯ. ನಗುವುದಿಲ್ಲ ಎಂದು ಮನೆಯಿಂದಲೇ ತೀರ್ಮಾನ ಮಾಡಿ ಬಂದವರಂತಿದ್ದರು. ಹಿತ್ತಲಿನಲ್ಲಿ ದೋಟಿಯನ್ನು ಸುತ್ತ ತಿರುಗಿ ನೋಡಿದರು. ಟೇಪು ಹಿಡಿದು ಅಳೆದರು. ಚೀಟಿಯ ನಂಬರು ಓದಿದರು.

"ಈ ಉಪಕರಣ ಯಾವಾಗ ತಪಾಸಣಾ ಮಾಡಿಸೀರಿ?"

"ಹೋದ ಇಶಾಡಿ ಸೀಸನ್ನಿಗೆ" ಎಂದರು ಮಾಲೀಕರು.

ಅತ್ತೆ ಅನ್ನಕ್ಕಿಟ್ಟು ಒಲೆ ಹೊತ್ತಿಸಿ ಬಂದು, ಬೆನ್ನು ತಿರುಗಿಸಿ, ಕಣ್ಣು ಮುಚ್ಚಿ, ಎಂದಿನಂತೆ ಜಗ್ಗಿ ತೋರಿಸಿದರು. ಉರಿ ಆರಿತು. ಹಿಡಿಕೆ ಅಲುಗಲಿಲ್ಲ. ಇಂಜಿನಿಯರು ಬಲ ಅಳೆಯುವ ಸ್ಪ್ರಿಂಗ್ ತಕ್ಕಡಿ ಕಟ್ಟಿ ತಾವೂ ಜಗ್ಗಿದರು. ಮಾಲೀಕರು ಜಗ್ಗಿದರು. ಮಾವನೂ ಬಂದು, ನನ್ನ ಗಳ ನಾ ಜಗ್ಗೂಕಿಲ್ವಾ ಎಂದು ಒಮ್ಮೆ ಜಗ್ಗಿದರು. ಹಿಡಿಕೆ ಗೋಡೆಯಲ್ಲಿ ಕುಳಿತೇ ಇತ್ತು.

ಇಂಜಿನಿಯರು ಒಳಗೆ ಹೋಗಿ ಹಿಡಿಕೆಯನ್ನು ಬೆರಳಿನಲ್ಲಿ ಮುಟ್ಟಿ ನೋಡಿದರು. ಅವರ ಮುಖ ಬಿಗಿಯಾಯಿತು.

"ಗಟ್ಟಿ ಐತ್ರಿ, ಸುಳ್ಳಲ್ಲ. ಆದ್ರ ಗಳಕ್ಕ ಮಾಡಿದ್ದು ಕೈಗೆ ಬರಬೇಕಲ್ಲ. ಇಷ್ಟ ದಪ್ಪ ಮಾಡೀರಿ, ವಯಸ್ಸಾದ ಹೆಣ್ಮಕ್ಕಳ ಕೈಲೆ ತಿರಗತದೋ ಇಲ್ಲೋ. ಕೈಲೆ ತಿರಗದಿದ್ರ ನಮಗ ಇದು ಬ್ಯಾಡ."

ನಾನು ತಿರುಗಿಸಿ ತೋರಿಸಿದೆ. ಅವರು ತಲೆ ಅಲ್ಲಾಡಿಸಿದರು. "ನೀವು ಮಾಡಿದವರು, ನಿಮ್ಮ ಕೈ ಲೆಕ್ಕಕ್ಕಿಲ್ರಿ." ಅತ್ತೆಯ ಕಡೆ ತಿರುಗಿದರು. "ಅಮ್ಮಾರ, ಒಲಿ ಹಚ್ಚ್ರಿ. ಉರಿ ಇರೋವಾಗ ಕೈಲೆ ಬಂದ್ ಮಾಡಿ ತೋರಸ್ರಿ."

ನಾನು, ಅತ್ತೆಗೆ ಇವತ್ತು ಹುಷಾರಿಲ್ಲ, ಇನ್ನೊಬ್ಬರನ್ನು ಕರೆಯುತ್ತೇನೆ ಎಂದೆ. ಪಕ್ಕದ ಮನೆಗೆ ಹೋಗಲು ಹೊಸಿಲು ದಾಟಿದ್ದೆ ಕೂಡ.

"ನಿಲ್ಲು ತಂಗಿ" ಎಂದರು ಅತ್ತೆ.

ಒಲೆ ಹೊತ್ತಿಸಿದರು. ನೀಲಿ ಉರಿ ಪಾತ್ರೆಯ ಸುತ್ತ ಎದ್ದಿತು. ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಗೋಡೆಯ ಹತ್ತಿರ ಹೋದರು. ಕೈ ಚಾಚಿ, ಹಿಡಿಕೆಯಿಂದ ಒಂದು ಗೇಣು ದೂರದಲ್ಲಿ ನಿಲ್ಲಿಸಿದರು. ಅವರ ಕುತ್ತಿಗೆಯ ಮೇಲೆ ಬೆವರು ಮೂಡಿತು. ಮಾವ ಬಾಗಿಲಿನಲ್ಲಿ ನಿಂತು, ಎಂದೂ ಕರೆಯದ ಮೃದು ದನಿಯಲ್ಲಿ, "ಹೊರಗೆ ಬಾ, ಇರ್ಲಿ" ಎಂದರು. ಅತ್ತೆ ಅವರ ಕಡೆ ನೋಡಲಿಲ್ಲ. ಈ ಸಲ ಕಣ್ಣು ಮುಚ್ಚಲೂ ಇಲ್ಲ. ಹಿಡಿಕೆಯನ್ನು ಮುಷ್ಟಿಯಲ್ಲಿ ಹಿಡಿದು ಅಡ್ಡಕ್ಕೆ ತಿರುಗಿಸಿದರು. ಉರಿ ಒಮ್ಮೆ ಸಣ್ಣಗಾಗಿ ಆರಿತು.

ಅವರು ಹಿಡಿಕೆ ಬಿಡಲಿಲ್ಲ. ಹಾಗೆ ಹಿಡಿದುಕೊಂಡೇ ಇಂಜಿನಿಯರನ್ನು ಕೇಳಿದರು: "ಈಗ ಇವ್ಳ ಕೆಲ್ಸ ತೆಗೆಯೂದಿಲ್ಲ ಅಲ್ದಾ?"

ಇಂಜಿನಿಯರಿಗೆ ಏನೂ ಅರ್ಥವಾಗಲಿಲ್ಲ. ನನ್ನ ಮುಖ ನೋಡಿದರು, ಮಾಲೀಕರ ಮುಖ ನೋಡಿದರು. ಮಾಲೀಕರು ನೆಲ ನೋಡುತ್ತಿದ್ದರು. ನಾನು ಅಳುತ್ತಿದ್ದೆ.

"ಇಲ್ರಿ ಅಮ್ಮಾರ, ಯಾಕ ತೆಗಿತಾರ? ಆರ್ಡರ್ ನಿಮಗೇ."

ಅತ್ತೆ ಹಿಡಿಕೆ ಬಿಟ್ಟರು. ಅಲ್ಲೇ ಮಣೆ ಎಳೆದು ಕುಳಿತರು. ನಾನು ನೀರು ಕೊಟ್ಟೆ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಪೂರ್ತಿ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು ಹೇಳಿದರು.

"ಹಾಂಗಾದ್ರೆ ಇದೊಂದೇ ಸಲ. ನಾಳೆಯಿಂದ ನಾ ಹೊರಗಿಂದ್ಲೇ ಬಂದ್ ಮಾಡೂದು."